ದೇವಬಾಗದಿಂದ ಬಂದ ನಾಲ್ಕು ಚಕ್ರ

ನನ್ನ ಗಂಡನಿಗೆ ಒಂದು ವಸ್ತುವನ್ನು ಕೊಳ್ಳುವುದಕ್ಕಿಂತ ಕೊಳ್ಳುವ ಮೊದಲಿನ ಕಾಲವೇ ಹೆಚ್ಚು ಇಷ್ಟ. ಮನೆಗೆ ಮಿಕ್ಸರ್ ತರಲು ಅವರು ಮೂರು ತಿಂಗಳು ವಿಚಾರ ಮಾಡಿದ್ದರು. ಅಷ್ಟರಲ್ಲಿ ನಮ್ಮ ಆಯಿ, ಅಂದರೆ ನನ್ನ ಅತ್ತೆ, ಒರಳಿನಲ್ಲೇ ಒಂದು ಮದುವೆಯ ಮಸಾಲೆ ಅರೆದು ಮುಗಿಸಿದ್ದರು. ಹಾಗಾಗಿ ಗದ್ದೆ ಕೆಲಸಕ್ಕೆ ನಾಲ್ಕು ಚಕ್ರದ ಬೈಕು ಬೇಕು ಎಂದು ಅವರು ಹೇಳಿದಾಗ, ಒಂದು ಮಳೆಗಾಲವಾದರೂ ಹೋಗುತ್ತದೆ ಎಂದುಕೊಂಡೆ. ಹಾಗೇ ಆಯಿತು.

ಬೇಕಾಗಿದ್ದಂತೂ ನಿಜ. ಅಂಕೋಲೆಯ ಹತ್ತಿರದ ಭಾವಿಕೇರಿಯಲ್ಲಿ ನಮ್ಮ ಮನೆ ಇರುವುದು ರಸ್ತೆಯ ಪಕ್ಕ. ಮಾವು, ತೆಂಗು ಇರುವ ಹಕ್ಕಲು ಗುಡ್ಡದ ಬುಡದಲ್ಲಿ. ನಡುವೆ ಹತ್ತಾರು ಜನರ ಗದ್ದೆ, ಗದ್ದೆಗಳ ನಡುವೆ ಒಂದು ಕಾಲುದಾರಿ, ದಾರಿಯ ಮಧ್ಯೆ ಒಂದು ತೋಡು, ತೋಡಿನ ಮೇಲೆ ಒಂದೇ ಕಲ್ಲು ಹಾಸಿದ ಸಂಕ. ಹಟ್ಟಿಯ ಗೊಬ್ಬರ ಆಚೆ ಹೋಗುವುದೂ ಕಾಯಿ, ಹಣ್ಣು ಈಚೆ ಬರುವುದೂ ತಲೆಯ ಮೇಲೆಯೇ. ಹೊರುವ ಜನ ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. ಹೊರುತ್ತೇನೆಂದು ಹೊರಟ ನನ್ನ ಗಂಡನ ಮೊಣಕಾಲು ಸಂಕ ದಾಟುವಾಗ ಕಟಕಟ ಅನ್ನತೊಡಗಿತು.

ಟ್ರ್ಯಾಕ್ಟರ್ ಆ ದಾರಿಯಲ್ಲಿ ಹೋಗುವ ಮಾತೇ ಇಲ್ಲ. ಪವರ್ ಟಿಲ್ಲರಿಗೆ ಟ್ರೇಲರ್ ಕಟ್ಟಿದರೆ ಆಗುತ್ತಿತ್ತೇನೋ, ಆದರೆ ಅದರ ಹಿಡಿಕೆ ಹಿಡಿದರೆ ಹಲ್ಲೆಲ್ಲ ಅಲ್ಲಾಡುತ್ತದೆ ಎಂದು ಅವರು ಒಪ್ಪಲಿಲ್ಲ. ಹಳೇ ಜೀಪು ತಗೋ ಎಂದು ಪಕ್ಕದ ಮನೆಯವರು ಹೇಳಿದ್ದಕ್ಕೆ ಆಯಿ, "ಜೀಪಿಗೆ ದಾರಿ ಮಾಡೂಕೆ ನಾಕು ಜನರ ಗದ್ದೆ ಬೇಕು, ಅದನ್ನೂ ನೀನೇ ಕೊಡಸ್ತ್ಯಾ?" ಎಂದು ಕೇಳಿ ಬಾಯಿ ಮುಚ್ಚಿಸಿದರು.

ನಾನು ಕಾರವಾರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ಸಂಜೆ ಮನೆ. ಆ ಮಳೆಗಾಲವಿಡೀ ನಾನು ಮನೆಗೆ ಬಂದಾಗ ಗಂಡ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಯಾವುದೋ ದೇಶದ ರೈತ ಇಂಥ ಗಾಡಿಯ ಮೇಲೆ ಕುರಿ ಅಟ್ಟುವುದನ್ನು ನೋಡುತ್ತಿರುತ್ತಿದ್ದರು. ನಮ್ಮಲ್ಲಿ ಇದ್ದದ್ದು ಎರಡು ದನ, ಅವನ್ನು ಅಟ್ಟುವ ಅಗತ್ಯವೇ ಇರಲಿಲ್ಲ, ಹಿಂಡಿ ವಾಸನೆಗೆ ತಾವೇ ಬರುತ್ತಿದ್ದವು. ಊಟಕ್ಕೆ ಕೂತಾಗ ಅವರು ಇಂಜಿನ್ನಿನ ಶಕ್ತಿ, ಟೈರಿನ ಅಗಲ, ನಾಲ್ಕೂ ಚಕ್ರ ಎಳೆಯುವುದು ಒಳ್ಳೆಯದೋ ಹಿಂದಿನ ಎರಡೇ ಸಾಕೋ ಎಂದು ವಿವರಿಸುತ್ತಿದ್ದರು.

ಒಂದು ದಿನ ಆಯಿ ಎಲ್ಲ ಕೇಳಿಸಿಕೊಂಡು, "ಅದು ಗೊಬ್ಬರ ಹೊರ್ತದ್ಯಾ?" ಅಂದರು.

"ಹೊರ್ತದೆ ಆಯಿ. ಹಿಂದೂ ಮುಂದೂ ಕ್ಯಾರಿಯರ್ ಇರ್ತದೆ."

"ಹಂಗಾರೆ ಇಷ್ಟೆಲ್ಲ ಮಾತು ಎಂತಕ್ಕೆ? ಮೀನು ತಣಿತದೆ, ಉಣ್ಣು."

ಹೊಸ ಗಾಡಿ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಕಾರವಾರದ ಪಕ್ಕದ ದೇವಬಾಗದ ಕಡಲ ದಂಡೆಯಲ್ಲಿ ಪ್ರವಾಸಿಗರನ್ನು ಕೂರಿಸಿ ಸುತ್ತು ಹೊಡೆಸುವ ಒಬ್ಬರು ತಮ್ಮ ಹಳೆಯ ಗಾಡಿ ಮಾರುತ್ತಾರೆಂದು ನಮ್ಮ ಕಚೇರಿಯಲ್ಲೇ ಯಾರೋ ಹೇಳಿದರು. ಮುಂದಿನ ಭಾನುವಾರ ಹೊರಟೆವು. ಆಯಿಯೂ ಸೀರೆ ಬದಲಿಸಿ ನಿಂತರು. ಯಾಕೆಂದರೆ ಸಮುದ್ರ ನೋಡಬೇಕಂತೆ. ನಮ್ಮ ಮನೆಯಿಂದ ಸಮುದ್ರಕ್ಕೆ ಅರ್ಧ ಗಂಟೆ ನಡೆದರೆ ಸಾಕು. ನಿಜ ಕಾರಣ ಬೇರೆ. ಅವರ ತವರು ದಾರಿಯಲ್ಲಿ ಸಿಗುವ ಚೆಂಡಿಯಾ. ಆ ಕಡೆಯ ಬಸ್ಸು ಹತ್ತಲು ಅವರಿಗೆ ಯಾವ ನೆಪವೂ ಸಾಕಾಗುತ್ತದೆ.

ಗಾಡಿಯ ಮಾಲೀಕರು ಮೀನುಗಾರರು. ಬೆಳಿಗ್ಗೆ ದೋಣಿ, ಮಧ್ಯಾಹ್ನದ ಮೇಲೆ ದಂಡೆಯ ಸವಾರಿ. ಅದಕ್ಕಿಂತ ದೊಡ್ಡ ಗಾಡಿ ತಂದಿದ್ದರಿಂದ ಇದನ್ನು ಕೊಡುವವರಿದ್ದರು. ಮುಚ್ಚಿಡದೆ ಹೇಳಿದರು:

"ಇದಕ್ಕೆ ಉಪ್ಪಿನ ರೋಗ ಉಂಟು ನೋಡಿ. ದಿನಾ ಸಿಹಿ ನೀರಲ್ಲಿ ತೊಳೀಬೇಕು. ಹೊಟ್ಟೆ ಅಡಿಗೆ ತೊಳೀಬೇಕು, ಅಡಿಗೆ. ಮೇಲೆ ಚಂದ ಮಾಡಿದ್ರೆ ಆಗೂದಿಲ್ಲ."

"ಹೌದು ಹೌದು, ನಾ ವಿಡಿಯೋದಲ್ಲಿ ನೋಡಿದ್ದೆ," ಎನ್ನುತ್ತಾ ನನ್ನ ಗಂಡ ಹಾರ್ನ್ ಒತ್ತಿ ನೋಡಿದರು. ಮಳೆಗಾಲವಿಡೀ ಕಲಿತ ವಿದ್ಯೆಯಲ್ಲಿ ಅವರು ಅಲ್ಲಿ ಪ್ರಯೋಗಿಸಿದ್ದು ಅದೊಂದೇ. ಅಳತೆಯ ಟೇಪನ್ನು ಮನೆಯಲ್ಲೇ ಮರೆತಿದ್ದರಿಂದ ಗಾಡಿಯ ಅಗಲವನ್ನು ಮೊಳದಲ್ಲಿ ಅಳೆದರು. ಆಮೇಲೆ ಹತ್ತಿ ಕೂತು ದಂಡೆಯ ಮೇಲೆ ಎರಡು ಸುತ್ತು ಹೊಡೆದರು. ಐವತ್ತೆಂಟು ವರ್ಷದ ಮನುಷ್ಯನ ಮುಖದಲ್ಲಿ ಅಂಥ ನಗುವನ್ನು ನಾನು ನಮ್ಮ ಮದುವೆಯ ಫೋಟೋದಲ್ಲೂ ಕಂಡಿಲ್ಲ. ಇವರು ಬೀಳದಿರಲೆಂದು ನಾನು ನೋಡುತ್ತ ನಿಂತಿದ್ದಾಗ, ದೂರದಲ್ಲಿ ಆಯಿ ಮತ್ತು ಆ ಮಾಲೀಕರು ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ಬಂಗಡೆಯ ವಿಷಯವಿರಬೇಕು ಎಂದುಕೊಂಡೆ.

ಆ ಗಾಡಿಯನ್ನು ರಸ್ತೆಗೆ ಇಳಿಸುವ ಹಾಗಿಲ್ಲ. ಟೆಂಪೋದಲ್ಲಿ ಹಾಕಿ ತಂದೆವು. ಮುಂದಿನ ಸೀಟಿನಲ್ಲಿ ಆಯಿ ಕಿಟಕಿಯ ಪಕ್ಕ. ಚೆಂಡಿಯಾ ಬಂದಾಗ ಅವರು ನೌಕಾನೆಲೆಯ ಗೋಡೆ ಮುಗಿಯುವ ತನಕ ಹೊರಗೇ ನೋಡಿದರು.

"ನಮ್ಮಪ್ಪನ ಗದ್ದೆಗೆ ಇಂಥದೆಲ್ಲ ಬೇಕಿರ್ಲಿಲ್ಲ. ಎತ್ತಿನ ಗಾಡಿ ಬಾಗ್ಲ ತನಕ ಬರ್ತಿತ್ತು," ಅಂದರು.

ಆ ಗದ್ದೆ ಈಗ ಆ ಗೋಡೆಯ ಒಳಗಿದೆ. ಹಿಂದೆ ಗಾಡಿಯ ಜೊತೆ ಕೂತಿದ್ದ ನನ್ನ ಗಂಡ, ಸುಮ್ಮನಿರಲಾರದೆ, ಮತ್ತೊಮ್ಮೆ ಹಾರ್ನ್ ಒತ್ತಿದರು.

ಮಾರನೆಯ ಬೆಳಿಗ್ಗೆ ಸಂಕದ ಹತ್ತಿರ ಹೋದಾಗ ಗೊತ್ತಾಯಿತು, ಗಾಡಿ ಸಂಕಕ್ಕಿಂತ ನಾಲ್ಕು ಬೆರಳು ಅಗಲ. ಮೊಳ ತಪ್ಪಲು ಏನು ಕಾರಣವೆಂದು ಅವರು ತಮ್ಮ ಕೈಯನ್ನೇ ಮಡಚಿ ಬಿಡಿಸಿ ನೋಡುತ್ತಿದ್ದರು. ಬಾಗಿಲಲ್ಲಿ ನಿಂತು ಸುದ್ದಿ ಕೇಳಿದ ಆಯಿಗೆ ಆಶ್ಚರ್ಯವೇ ಆಗಲಿಲ್ಲ.

"ಹೆಣ್ಣು ನೋಡೂಕೆ ಹೋದಾಗೂ ಇವ ಇಷ್ಟೇ. ಹುಡುಗಿ ಚಂದ ಇದ್ದಾಳೆ ಅಂದ. ಎತ್ತರ ಹೇಳೇ ಇಲ್ಲ. ಇಪ್ಪತ್ತೇಳು ವರ್ಷ ಆಯ್ತು, ಸೊಸೆ ಇನ್ನೂ ಅಡಿಗೆಮನೆ ಬಾಗ್ಲಿಗೆ ತಲೆ ಹೊಡಸ್ಕಂತೇ ಇದ್ದಾಳೆ."

ಇದು ಸುಳ್ಳಲ್ಲ. ತೆಂಗಿನ ಮರವೊಂದನ್ನು ಸೀಳಿ, ಕಲ್ಲಿನ ಎರಡೂ ಬದಿಗೆ ಕೂರಿಸಿ, ಸಂಕವನ್ನು ಅಗಲ ಮಾಡಬೇಕಾಯಿತು. ಊರಿನವರಿಗೆ ಅದರಿಂದ ಉಪಕಾರವೇ ಆಯಿತು. ಅದನ್ನು ಉಪಕಾರಕ್ಕೆಂದೇ ಮಾಡಿದ್ದು ಎಂದು ನನ್ನ ಗಂಡ ಹೇಳಿಕೊಳ್ಳುವುದನ್ನು ನಾನು ಕೇಳಿದ್ದೇನೆ.

ಸಂಕ ದಾಟಿದ ಮೇಲೆ ಇನ್ನೊಂದು ಗುಣ ಕಂಡಿತು. ಗಾಡಿ ಎಡಕ್ಕೇ ಎಳೆಯುತ್ತಿತ್ತು. ವರ್ಷಗಟ್ಟಲೆ ದಂಡೆಯ ಮೇಲೆ ಒಂದೇ ಕಡೆಗೆ ಸುತ್ತಿ ಸುತ್ತಿ ಅದಕ್ಕೆ ನೇರ ಹೋಗುವುದೇ ಮರೆತಿತ್ತು. ಮೊದಲ ದಿನವೇ ಗೊಬ್ಬರದ ಮೂಟೆಯ ಸಮೇತ ಪಕ್ಕದವರ ಗದ್ದೆಗೆ ಇಳಿಯಿತು. "ಗಾಣದ ಎತ್ತು ತಕಂಡ ಬಂದ್ಯನಾ?" ಎಂದು ಆಯಿ ಕೇಳಿದರು. ಅಂಕೋಲೆಯ ಬೈಕ್ ಮೆಕ್ಯಾನಿಕ್ ಬಂದು, ಮನುಷ್ಯರ ಡಾಕ್ಟರಿಗೆ ಎಮ್ಮೆ ತೋರಿಸಿದ ಹಾಗೆ ಸ್ವಲ್ಪ ಹೊತ್ತು ದೂರದಿಂದಲೇ ನೋಡಿದರು. ಆಮೇಲೆ ಗಾಡಿಯ ಅಡಿಗೆ ಮಲಗಿ, ಹ್ಯಾಂಡಲ್ಲಿನಿಂದ ಚಕ್ರಕ್ಕೆ ಹೋಗುವ ಸರಳಿನ ಕೀಲು ಸವೆದಿದೆ ಎಂದರು. ಹೊಸದು ತರಿಸಲು ಎರಡು ವಾರ ಹಿಡಿಯಿತು. ಅಲ್ಲಿಯವರೆಗೆ ನನ್ನ ಗಂಡ ಇಡೀ ಮೈಯನ್ನು ಬಲಕ್ಕೆ ವಾಲಿಸಿಕೊಂಡು ಗಾಡಿ ಹೊಡೆದರು. ಊಟಕ್ಕೆ ಕೂತಾಗಲೂ ಬಲಕ್ಕೇ ವಾಲುತ್ತಿದ್ದರು.

ಇಷ್ಟಾದ ಮೇಲೆ ಗಾಡಿ ಚೆನ್ನಾಗಿ ದುಡಿಯಿತು. ಇದನ್ನು ಹೇಳದಿದ್ದರೆ ಅನ್ಯಾಯ. ಆರು ಜನ ಅರ್ಧ ದಿನ ಹೊರುತ್ತಿದ್ದ ಗೊಬ್ಬರವನ್ನು ಅವರೊಬ್ಬರೇ ಊಟದ ಹೊತ್ತಿಗೆ ಸಾಗಿಸಿ ಮುಗಿಸುತ್ತಿದ್ದರು. ತೆಂಗಿನಕಾಯಿ, ಸೌದೆ, ಬೇಲಿಯ ಗೂಟ ಎಲ್ಲ ಅದರ ಮೇಲೆಯೇ. ಉಬ್ಬರಕ್ಕೆ ತೋಡಿನ ಉಪ್ಪುನೀರು ದಾರಿಗೆ ಏರಿದ ದಿನವೂ ನೀರು ಸೀಳಿಕೊಂಡು ಬರುತ್ತಿತ್ತು. ತಿಂಗಳುಗಟ್ಟಲೆ ಹೀಗೆ ಓಡಿದರೂ ಅದಕ್ಕೆ ತುಕ್ಕು ಹಿಡಿಯಲಿಲ್ಲ.

"ನೋಡು," ಎಂದು ಅವರು ಬಂದ ನೆಂಟರಿಗೆಲ್ಲ ಗಾಡಿಯ ಹೊಟ್ಟೆಯ ಅಡಿಗೆ ಟಾರ್ಚು ಬಿಟ್ಟು ತೋರಿಸುತ್ತಿದ್ದರು. "ಒಂದು ಚುಕ್ಕೆ ತುಕ್ಕಿಲ್ಲ. ಸುಮ್ನೇ ಉಪ್ಪಿನ ರೋಗ ಅಂತ ಹೆದರಸ್ತಾರೆ. ವಸ್ತು ಆರಿಸೂದರಲ್ಲೇ ಎಲ್ಲ ಇರೂದು."

ಅವರು ಅದನ್ನು ತೊಳೆದದ್ದು ಒಂದೇ ಸಲ, ಆಯುಧ ಪೂಜೆಯ ದಿನ. ಅದೂ ಮೇಲೆ ಮೇಲೆ, ಹೂವಿನ ಹಾರ ನಿಲ್ಲುವಷ್ಟು. ನಾನಾದರೂ ಏನು? ಭಾನುವಾರ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಒಂದು ಕಪ್ಪು ಸ್ಪಂಜು ನೇತಾಡುವುದನ್ನು ಎಷ್ಟೋ ಸಲ ನೋಡಿದ್ದೆ. ಪಾತ್ರೆ ತಿಕ್ಕುವುದು ಇಷ್ಟು ದೊಡ್ಡದು ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ.

ಗಾಡಿ ಕೈಕೊಟ್ಟದ್ದು ಮೇ ತಿಂಗಳಲ್ಲಿ, ಕರಿ ಈಶಾಡು ಮಾವಿನ ಹಣ್ಣಿನ ಭರದಲ್ಲಿ. ಈಶಾಡು ನಮ್ಮ ಅಂಕೋಲೆಯ ಹೆಮ್ಮೆ. ಸಿಪ್ಪೆ ತೆಳು, ಕೊಯ್ದ ಮೇಲೆ ಹೆಚ್ಚು ದಿನ ಕಾಯುವುದಿಲ್ಲ. ನಾನು ಕಚೇರಿಯಲ್ಲಿದ್ದೆ. ಕಿಟಕಿಯ ಮುಂದೆ ಏಳೆಂಟು ಜನ ಅರ್ಜಿ ಹಿಡಿದು ನಿಂತಿದ್ದರು. ಗಂಡನ ಫೋನು.

"ಹಣ್ಣು ತುಂಬ್ಕಂಡು ಮನೆಗೆ ಹೊರಟದ್ದು, ಸಂಕದ ಹತ್ರ ಬಂದು ನಿಂತು ಹೋಯ್ತು. ಹಿಂದೂ ಇಲ್ಲ ಮುಂದೂ ಇಲ್ಲ. ದಾರಿಲಿ ಹೋಗೋರೆಲ್ಲ ಒಂದೊಂದು ಬುದ್ಧಿ ಹೇಳ್ತಿದ್ದಾರೆ."

"ನಾ ಇಲ್ಲಿಂದ ಎಂತ ಮಾಡೂಕೆ ಬರ್ತದೆ?"

"ಮೆಕ್ಯಾನಿಕ್ ಫೋನ್ ಎತ್ತೂದಿಲ್ಲ. ನಿಮ್ಮ ಆಫೀಸಲ್ಲಿ ಯಾರಿಗಾದ್ರೂ ಕೇಳು."

ನಾನು ಪಿಸುಮಾತಿನಲ್ಲಿ ಪ್ಲಗ್ಗು ನೋಡಿದಿರಾ, ಪೆಟ್ರೋಲು ಇದೆಯಾ ಎಂದು ಕೇಳುತ್ತಿದ್ದೆ. ಸಾಲಿನ ಮುಂದೆ ನಿಂತಿದ್ದ ಮುದುಕರೊಬ್ಬರು, ತಲೆಗೆ ಟವೆಲ್ ಸುತ್ತಿದವರು, ಅರ್ಜಿಯನ್ನು ಮೇಜಿನ ಮೇಲಿಟ್ಟು ಕೇಳಿದರು:

"ಬಾಯೋರೇ, ಗಾಡಿ ಶುರುವಾಗಿ ಎಷ್ಟು ದೂರ ಬಂದು ನಿಂತಿತು?"

ಫೋನಿನಲ್ಲಿ ಕೇಳಿ ಹೇಳಿದೆ. ಹಕ್ಕಲಿನಿಂದ ಹೊರಟು ಎರಡು ಮೂರು ನಿಮಿಷವಾಗಿರಬಹುದು.

"ಬೆಳಿಗ್ಗೆಯಿಂದ ಅದೇ ಮೊದಲ್ನೇ ಸಲ ಶುರು ಮಾಡಿದ್ದಾ?"

ಅಲ್ಲ. ಮನೆಯಿಂದ ಹಕ್ಕಲಿಗೆ ಹೋಗುವಾಗ ಅರ್ಧ ದಾರಿ ಇಳಿಜಾರಿನಲ್ಲಿ ಇಂಜಿನ್ ಆರಿಸಿಯೇ ಹೋಗಿದ್ದರು, ಪೆಟ್ರೋಲ್ ಉಳಿಯಲೆಂದು.

"ಟ್ಯಾಂಕಿನ ಅಡಿಗಿನ ಪೆಟ್ರೋಲ್ ಕಾಕ್ ಬಂದ್ ಆಗಿದ್ದದೆ. ಪೈಪಲ್ಲಿ ಇದ್ದಷ್ಟು ಓಡ್ತು, ಮುಗೀತು. ದೋಣಿ ಇಂಜಿನ್ನೂ ಹಿಂಗೇ ಮಾಡ್ತದೆ. ತಿರುಗಿಸೂಕೆ ಹೇಳಿ."

ಹೇಳಿದೆ. ಅವರು ಫೋನನ್ನು ಸೀಟಿನ ಮೇಲಿಟ್ಟು ಹುಡುಕಿದರು. ಆಮೇಲೆ ಇಂಜಿನ್ನಿನ ಸದ್ದು ಕಚೇರಿಯ ಸಾಲಿನ ಕೊನೆಯವರಿಗೂ ಕೇಳಿಸಿತು. ಆ ಮುದುಕರ ಅರ್ಜಿಯಲ್ಲಿ ಒಂದು ಸಹಿ ಬಿಟ್ಟುಹೋಗಿತ್ತು. ಮನೆಗೆ ಕಳಿಸದೆ, ಅಲ್ಲೇ ಕುರ್ಚಿ ಕೊಟ್ಟು ಹಾಕಿಸಿದೆ.

ಸಂಜೆ ನಾನು ಬಂದಾಗ ವಿಚಾರಣೆ ನಡೆಯುತ್ತಿತ್ತು.

"ಕಾಕ್ ಯಾರು ಬಂದ್ ಮಾಡಿದ್ದು?"

ಆಯಿ ಹಣ್ಣುಗಳನ್ನು ಹುಲ್ಲಿನ ಮೇಲೆ ಒಂದೊಂದಾಗಿ ಮಲಗಿಸುತ್ತಿದ್ದರು. ತಲೆ ಎತ್ತದೆ, "ನಾನು," ಅಂದರು.

"ನೀನು ಎಂತಕ್ಕೆ ಮುಟ್ಟೂಕೆ ಹೋದೆ?"

"ದಿನಾ ಮುಟ್ತೆ. ನಿಲ್ಸಿಟ್ಟಾಗ ಬಂದ್ ಮಾಡ್ಬೇಕು, ಇಲ್ಲಾಂದ್ರೆ ಸೋರ್ತದೆ ಅಂತ ಆ ದೇವಬಾಗದವ ಹೇಳಿದ್ದ. ಬೆಳಿಗ್ಗೆ ಮತ್ತೆ ತೆಗೆದಿಡ್ತಿದ್ದೆ. ಇವತ್ತು ಮರ್ತು ಹೋಯ್ತು."

ನಿಧಾನಕ್ಕೆ ಎಲ್ಲ ಹೊರಬಂತು. ಮಧ್ಯಾಹ್ನ ಮಗ ಗಾಡಿ ನಿಲ್ಲಿಸಿ, ಉಂಡು ಮಲಗಿದ ಮೇಲೆ ಆಯಿ ಬಾವಿಯಿಂದ ನಾಲ್ಕು ಕೊಡ ಸಿಹಿ ನೀರು ಸೇದುತ್ತಿದ್ದರು. ತೆಂಗಿನ ನಾರಿನ ಕುಚ್ಚಿನಿಂದ ಅಡಿ ತೊಳೆಯುತ್ತಿದ್ದರು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಚೈನಿನ ಮಣ್ಣು ತೆಗೆದು ಎಣ್ಣೆ ಬಿಡುತ್ತಿದ್ದರು. ಮೊದಲು ತೆಂಗಿನೆಣ್ಣೆ ಹಚ್ಚುವುದೆಂದಿದ್ದರಂತೆ, ಮಣ್ಣು ಮೆತ್ತಿಕೊಳ್ಳುತ್ತದೆ, ಬೇಡ ಎಂದು ದೇವಬಾಗದವರೇ ತಿಳಿಸಿದ್ದರಂತೆ. ಹದಿನೈದು ದಿನಕ್ಕೊಮ್ಮೆ ಏರ್ ಫಿಲ್ಟರಿನ ಸ್ಪಂಜು ತೆಗೆದು, ಸೋಪಿನಲ್ಲಿ ಹಿಂಡಿ, ನನ್ನ ಸೀರೆಗಳ ಪಕ್ಕ ಒಣಗಿಸುತ್ತಿದ್ದರು. ಮರಳಿನ ಮೇಲೆ ಕೂತು ಕೊಂಕಣಿಯಲ್ಲಿ ಮಾತಾಡಿದ್ದು ಬಂಗಡೆಯ ವಿಷಯವಾಗಿರಲಿಲ್ಲ.

"ಹೇಳಬಾರ್ದಾಗಿತ್ತಾ ಆಯಿ?" ಅಂದೆ.

"ಅವ ಟಾರ್ಚ್ ಹಿಡ್ದು ಎಲ್ರಿಗೂ ತೋರಸ್ತಿದ್ನಲೆ. ಖುಷಿಲಿದ್ದ. ಎಂತಕ್ಕೆ ಹೇಳೂದು?"

ನನ್ನ ಗಂಡ ಎರಡು ಊಟವನ್ನು ತಟ್ಟೆ ನೋಡುತ್ತಲೇ ಮುಗಿಸಿದರು. ಮೂರನೆಯದಕ್ಕೆ, ನಾಳೆಯಿಂದ ತಾನೇ ತೊಳೆಯುತ್ತೇನೆ ಅಂದರು. ಆಯಿ ಕುಚ್ಚು ಕೊಡಲಿಲ್ಲ. ನೀರು ಮಾತ್ರ ನೀನು ಸೇದು ಎಂದರು. ಈಗ ಅವರು ಸೇದುತ್ತಾರೆ, ಆಯಿ ಮಣೆ ಹಾಕಿಕೊಂಡು ತೊಳೆಯುತ್ತಾರೆ. ಚೈನು ಎಷ್ಟು ಬಿಗಿ ಇರಬೇಕೆಂಬ ಬಗ್ಗೆ ಇಬ್ಬರಿಗೂ ದಿನವೂ ಜಗಳ. ಎಣ್ಣೆ ಬದಲಿಸಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ನನ್ನ ಕೆಲಸ, ಗುಮಾಸ್ತೆ ಎಂಬ ಕಾರಣಕ್ಕೆ.

ಮಳೆ ಹಿಡಿಯುವ ಮೊದಲಿನ ಒಂದು ಬೆಳಿಗ್ಗೆ ಆಯಿ ಗಾಡಿಯ ಹಿಂದಿನ ಕ್ಯಾರಿಯರಿನ ಮೇಲೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸಿದರು.

"ಎಂತ ಹೇರೂದು ಆಯಿ?" ಎಂದು ಮಗ ಕೇಳಿದರು.

"ನನ್ನ," ಅಂದರು ಆಯಿ.

ದೂರ ನಡೆದರೆ ಹಿಡಿಯುವ ಸೊಂಟದ ನೋವಿನಿಂದ ಅವರು ಹಕ್ಕಲಿಗೆ ಹೋಗದೆ ಎರಡು ವರ್ಷವಾಗಿತ್ತು. ಅದನ್ನು ಅವರೂ ಹೇಳಿರಲಿಲ್ಲ, ನಾವೂ ಲೆಕ್ಕ ಇಟ್ಟಿರಲಿಲ್ಲ. ಹಿಂದೆ ಮುಖ ಮಾಡಿ ಕೂತು, ಎರಡೂ ಕೈಯಲ್ಲಿ ಸರಳು ಹಿಡಿದರು. ನನ್ನ ಗಂಡ ಎತ್ತಿನ ಹೆಜ್ಜೆಗಿಂತ ನಿಧಾನ ಹೊಡೆದರು. ಹಿಂದೆ ನಡೆದು ಬರುತ್ತಿದ್ದ ನಾನು ದಾರಿಯುದ್ದಕ್ಕೂ ಆಯಿಯ ಮುಖವನ್ನೇ ನೋಡುತ್ತಿದ್ದೆ. ಸಂಕ ಬಂದಾಗ ಕಣ್ಣು ಮುಚ್ಚಿಕೊಂಡರು, ದಾಟಿದ ಮೇಲೆ ತೆರೆದರು.

ಹಕ್ಕಲಿನಲ್ಲಿ ಇಳಿದು, ಮಗನ ಹೆಗಲು ಹಿಡಿದು, ಹದಿಮೂರು ಮಾವಿನ ಮರಗಳ ಬುಡಕ್ಕೂ ಹೋಗಿ ಬಂದರು. ಒಂದರ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದರು. ಇನ್ನೊಂದರ ಕೆಳಗೆ ಬಹಳ ಹೊತ್ತು ನಿಂತರು. ಏನಾದರೂ ಹೇಳುತ್ತಾರೆಂದು ನಾವಿಬ್ಬರೂ ಕಾಯುತ್ತಿದ್ದೆವು.

"ಮರಕ್ಕೆ ಇಷ್ಟು ಬದನಿಕೆ ಹಿಡಿದು ರಸ ಹೀರ್ತದೆ," ಅಂದರು. "ಎರಡು ವರ್ಷದಿಂದ ಇಬ್ರೂ ಇಲ್ಲಿ ಎಂತ ಮಾಡ್ತಿದ್ರಿ? ಮನೆಗೆ ಹೋಗಿ ಕತ್ತಿ ತಕಂಡ ಬಾ. ನಾ ಇಲ್ಲೇ ಕೂತಿರ್ತೆ."

ನನ್ನ ಗಂಡ ಗಾಡಿ ತಿರುಗಿಸಿಕೊಂಡು ಕತ್ತಿ ತರಲು ಹೋದರು.