ಹೆಸರು ಹೇಳಿ ನೀರು ಬಿಡುವ ಶೇವಂತಾಬಾಯಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಹಾಲವಾಡಿಯ ನೀರಿನ ಟಾಕಿಯ ಏಣಿ ಹತ್ತಿ ನಿಂತ ಶೇವಂತಾಬಾಯಿ ಮುಚ್ಚಳ ಸರಿಸಿ ಬ್ಯಾಟರಿಯ ಬೆಳಕನ್ನು ಒಳಗೆ ಬಿಡುತ್ತಾರೆ. ನೀರು ಕೆಂಪು ಗುರುತಿಗಿಂತ ನಾಲ್ಕು ಅಡಿ ಕೆಳಗಿದೆ. ಕರೆಂಟು ತಡವಾಗಿ ಬಂದಿದೆ. ಕೊಳವೆಬಾವಿಯ ಮೋಟರ್ ಎತ್ತಿದ್ದು ಇಷ್ಟೇ. ಬಗ್ಗಿ ಇನ್ನೊಮ್ಮೆ ನೋಡುತ್ತಾರೆ. ನೋಡಿದ ಮಾತ್ರಕ್ಕೆ ನೀರೇನೂ ಏರುವುದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸರಸರನೆ ಇಳಿಯುತ್ತಾರೆ.

"ಇವತ್ತೇ ಆಗಬೇಕಿತ್ತು ನೋಡ್ರಿ ಇದು," ಎನ್ನುವ ಅವರ ದನಿಯಲ್ಲಿ ದೂರಿಗಿಂತ ಉಮೇದು ಹೆಚ್ಚು. ಪಂದ್ಯದ ಕಡೆಯ ಓವರಿಗೆ ಕಾದವರ ಉಮೇದು.

ಊರಿನ ಮೇಲಿನ ಗಲ್ಲಿ ಏರಿನಲ್ಲಿದೆ. ಇವತ್ತು ವಾಲ್ವ್ ತೆರೆದ ಹನ್ನೆರಡು ನಿಮಿಷದೊಳಗೆ ಆ ಗಲ್ಲಿಯ ಕೊನೆಯ ನಳಕ್ಕೆ ನೀರು ಹತ್ತಬೇಕು. ಹತ್ತದಿದ್ದರೆ ಹನ್ನೊಂದು ವರ್ಷದಿಂದ ಶೇವಂತಾಬಾಯಿಯ ಹೆಗಲ ಮೇಲಿರುವ ವಾಲ್ವಿನ ಚಾವಿ ಇನ್ನೊಬ್ಬರ ಹೆಗಲಿಗೆ ಹೋಗುತ್ತದೆ. ಗ್ರಾಮಸಭೆ ಇಟ್ಟಿರುವುದು ಐದು ಪಾಳಿಯ ಪರೀಕ್ಷೆ. ನಾಲ್ಕು ಪಾಳಿ ಗೆದ್ದಾಗಿದೆ, ಆದರೆ ಆ ನಾಲ್ಕೂ ದಿನ ಟಾಕಿ ತುಂಬಿತ್ತು.

ಮಹಾರಾಷ್ಟ್ರದ ಗಡಿಭಾಗದ ವಲಾಂಡಿಯಿಂದ ಆರು ಕಿಲೋಮೀಟರ್ ಒಳಗಿರುವ ಹಾಲವಾಡಿಯಲ್ಲಿ ಇನ್ನೂರ ಹನ್ನೆರಡು ನಳಗಳು, ಒಂಬತ್ತು ವಾಲ್ವುಗಳು. ನೀರು ಮೂರು ದಿನಕ್ಕೊಮ್ಮೆ. ಪ್ರತಿ ಪಾಳಿಗೂ ಶೇವಂತಾಬಾಯಿ ನಾಲ್ಕೂಕಾಲಿಗೆ ಏಳುತ್ತಾರೆ. ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಹೊತ್ತು ಗಲ್ಲಿಯಿಂದ ಗಲ್ಲಿಗೆ ನಡೆಯುತ್ತಾರೆ. ಕಡೆಯ ವಾಲ್ವ್ ಮುಚ್ಚುವ ಹೊತ್ತಿಗೆ ಹತ್ತು ಗಂಟೆ ದಾಟಿರುತ್ತದೆ. ಅಷ್ಟರಲ್ಲಿ ಅವರು ಕೇಳಿಸಿಕೊಂಡ ಬೈಗುಳಕ್ಕೆ ಲೆಕ್ಕವಿಲ್ಲ. ನೀರು ಬೇಗ ಬಂತು, ತಡವಾಗಿ ಬಂತು, ಕೆಂಪಗೆ ಬಂತು, ಪಕ್ಕದ ಗಲ್ಲಿಗೆ ಹೆಚ್ಚು ಹೋಯಿತು. ಊರಿನಲ್ಲಿ ನೀರಿನ ಮೇಲಿನ ಸಿಟ್ಟೆಲ್ಲ ಇಳಿಯುವುದು ಚಾವಿ ಹಿಡಿದವರ ಮೇಲೆ.

ಭಾಲ್ಕಿ ಕಡೆಯ ಕ್ರೈಸ್ತ ಕುಟುಂಬದ ಶೇವಂತಾಬಾಯಿ ಹಾಲವಾಡಿಗೆ ಸೊಸೆಯಾಗಿ ಬಂದವರು. ಈಗ ಐವತ್ಮೂರರ ವಯಸ್ಸು. ಚಾವಿ ಮೊದಲು ಗಂಡ ರವಿಕಾಂತನದು. ರವಿಕಾಂತನ ಬಾಯಿ ಚುರುಕು. ಒಂದು ಬೈದವರಿಗೆ ಎರಡು ಬೈದು, ವಾರಕ್ಕೊಂದು ಜಗಳ ಮನೆಗೆ ತರುತ್ತಿದ್ದ. ಒಂದು ಭಾನುವಾರ ಉದಗೀರದ ಪ್ರಾರ್ಥನೆಯಲ್ಲಿ ಪಾಸ್ಟರು ಯೇಸುಸ್ವಾಮಿ ಶಿಷ್ಯರಿಗೆ ಕಲಿಸಿದ್ದನ್ನು ವಿವರಿಸಿದರು: ಅವಮಾನ ಮಾಡಿದವರಿಗೆ ಅವಮಾನವನ್ನೇ ಹಿಂದಿರುಗಿಸಬೇಡಿ, ಅವರಿಗೆ ಒಳಿತನ್ನು ಬೇಡಿ, ಹರಸಿ. ಮರುದಿನದಿಂದ ಹೊಸ ಪದ್ಧತಿ ಶುರುವಾಯಿತು. ವಾಲ್ವಿನ ಒಂದೊಂದು ಸುತ್ತಿಗೆ ಗಲ್ಲಿಯ ಒಂದೊಂದು ಮನೆಯ ಹೆಸರು ಹೇಳಿ, ಆ ಮನೆ ಚೆನ್ನಾಗಿರಲಿ ಎಂದು ತಿರುಗಿಸುವುದು. "ಬಾಯಿಗೊಂದು ಕೆಲಸ ಕೊಟ್ರ ಬೈಲಾಕ ಅದಕ ಪುರಸತ್ತ ಸಿಗಂಗಿಲ್ಲ ಅಂತಿದ್ದ," ಎಂದು ಶೇವಂತಾಬಾಯಿ ನಗುತ್ತಾರೆ.

ಗಂಡ ತೀರಿಕೊಂಡ ಮೇಲೆ ಚಾವಿಯೊಂದಿಗೆ ಪದ್ಧತಿಯೂ ಅವರಿಗೆ ಬಂತು. ಯಾವ ವಾಲ್ವಿಗೆ ಎಷ್ಟು ಸುತ್ತು ಎಂಬುದನ್ನು ಅವರು ಅಂಕಿಯಲ್ಲಿ ಕಲಿಯಲೇ ಇಲ್ಲ. ಹೆಸರು ಮುಗಿದರೆ ಸುತ್ತೂ ಮುಗಿದಂತೆ. ಮೇಲಿನ ಗಲ್ಲಿಯಲ್ಲಿ ಹದಿಮೂರು ಮನೆ, ಹದಿಮೂರು ಹೆಸರು, ಹದಿಮೂರು ಸುತ್ತು.

ಎಡವಿದ್ದು ಅಲ್ಲೇ.

ಈ ವರ್ಷದ ಹೋಳಿಯ ಹೊತ್ತಿಗೆ ಬಿಸಿಲೇರಿತು. ನಡುವಿನ ಮನೆಗಳವರು ನಳದ ಬುಡದಲ್ಲಿ ಗುಂಡಿ ತೋಡಿ, ಅದರೊಳಗೆ ಕೊಡ ಇಳಿಸಿ ನೀರು ಜಗ್ಗತೊಡಗಿದರು. ಗಲ್ಲಿಯ ತುದಿಯಲ್ಲಿರುವ ಪಂಡಿತನ ಮನೆಗೆ ನೀರು ಸೊರಗಿತು. ಪಂಡಿತ ಊರಿನ ಹಳೆಯ ಶಿವಭಕ್ತ ಒಕ್ಕಲು ಮನೆತನದವನು. ಗಲ್ಲಿಯ ಕೊನೆಯ ಆರು ಮನೆಗಳೂ ಅವನ ಕುಟುಂಬದವೇ: ತಾಯಿಯದೊಂದು, ಅವನದೊಂದು, ಉಳಿದವು ತಮ್ಮಂದಿರವು. ಒಂದು ಬೆಳಿಗ್ಗೆ ಅವನು ಖಾಲಿ ಕೊಡವನ್ನು ಶೇವಂತಾಬಾಯಿಯ ಕಾಲ ಬುಡಕ್ಕೆ ಎಸೆದ. "ನಮ್ಮ ಗಲ್ಲಿಗಿ ನಿನ್ನ ಆಶೀರ್ವಾದ ಬ್ಯಾಡ, ನೀರ ಬೇಕು. ನಿನ್ನ ಗಂಡ ಪೈಪ ಮಾರಕೊಂಡು ತಿಂದ, ನೀ ನೀರ ಮಾರಕೊಂಡು ತಿನ್ಲಾಕತ್ತಿ," ಎಂದ. ಗಲ್ಲಿಯೆಲ್ಲ ಕೇಳಿಸಿಕೊಂಡಿತು.

ನನ್ನನ್ನು ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆ ಎನ್ನುತ್ತಾರೆ ಶೇವಂತಾಬಾಯಿ. ಸತ್ತವನನ್ನು ಕಳ್ಳ ಎಂದದ್ದು ಒಳಗಿಳಿಯಲಿಲ್ಲ. ಆಗಲೂ ಅವರು ತಿರುಗಿ ಬೈಯಲಿಲ್ಲ. ಆದರೆ ಮುಂದಿನ ಪಾಳಿಯಲ್ಲಿ ಏಳು ಹೆಸರು ಹೇಳಿ, ಎಂಟನೆಯದಕ್ಕೆ ಬಂದಾಗ ಬಾಯಿ ಕಟ್ಟಿತು. ಪಂಡಿತನ ಕಡೆಯ ಆರು ಮನೆಗಳನ್ನು ಬಿಟ್ಟು ಚಾವಿ ಎತ್ತಿಕೊಂಡರು. "ಹರಸಲಿಲ್ಲಂದ್ರ ಏನಾತು, ಶಾಪಂತೂ ಹಾಕಿಲ್ಲಲ್ಲ ಅಂತ ನನ್ನ ನಾನೇ ಸಮಾಧಾನ ಮಾಡಕೊಂಡೆ," ಎನ್ನುತ್ತಾರೆ.

ಹೆಸರು ಏಳಕ್ಕೆ ನಿಂತರೆ ಸುತ್ತೂ ಏಳಕ್ಕೇ ನಿಂತಿತು ಎಂಬುದು ಅವರಿಗೆ ಹೊಳೆಯಲಿಲ್ಲ. ಆ ವಾಲ್ವ್ ಹಳೆಯದು, ತಿರುಪು ಸವೆದಿದೆ. ಮೊದಲ ನಾಲ್ಕು ಸುತ್ತು ಸುಮ್ಮನೆ ತಿರುಗುತ್ತವೆ, ನೀರು ಕದಲುವುದಿಲ್ಲ. ಪೂರ್ತಿ ತೆರೆದಾಗಲೂ ಗಟ್ಟಿಯಾಗಿ ನಿಂತು ಕೈಗೆ ತಿಳಿಸುವುದಿಲ್ಲ. ಹದಿಮೂರರಲ್ಲಿ ಕೆಲಸಕ್ಕೆ ಬರುವುದು ಒಂಬತ್ತು. ಏಳಕ್ಕೆ ನಿಲ್ಲಿಸಿದರೆ ಉಳಿಯುವುದು ಮೂರೇ. ಹೀಗೆ ಏಳು ವಾರ ಆ ಗಲ್ಲಿಗೆ ಮೂರನೇ ಒಂದು ಪಾಲಿನಷ್ಟೇ ದಾರಿ ತೆರೆದಿತ್ತು. ಪಂಡಿತ ಇನ್ನಷ್ಟು ಬೈದ. ಶೇವಂತಾಬಾಯಿಯ ಬಾಯಿ ಇನ್ನಷ್ಟು ಬಿಗಿಯಿತು.

ಏಪ್ರಿಲ್ ಕೊನೆಯಲ್ಲಿ ಪಂಡಿತನ ತಾಯಿ, ಎಪ್ಪತ್ತೆಂಟರ ಶಿವಗಂಗಾಬಾಯಿ, ದೂರದ ಬಾವಿಯಿಂದ ಕೊಡ ಹೊತ್ತು ಬರುವಾಗ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಆ ಪಾಳಿಯಲ್ಲಿ ಏಳನೆಯ ಹೆಸರು ಮುಗಿಸಿದ ಶೇವಂತಾಬಾಯಿಯ ಬಾಯಿಂದ, ತಡೆಯಹೋದರೂ, ಮುದುಕಿಯ ಹೆಸರು ಹೊರಬಂತು. ಹೆಸರಿನ ಜೊತೆ ಕೈ ತಾನಾಗಿ ಎಂಟನೆಯ ಸುತ್ತು ತಿರುಗಿತು. ಪೈಪಿನೊಳಗಿನ ಸದ್ದು ಬದಲಾಯಿತು.

"ನಾ ಹಂಗೇ ನಿಂತಬಿಟ್ಟೆ. ಆಮ್ಯಾಲ ಪಂಡಿತನ ತಮ್ಮಂದ್ರದು ಹೇಳಿದೆ, ಕಡಿಗಿ ಅವಂದು ಹೇಳಿದೆ. ಒಂದೊಂದು ಹೆಸರಿಗಿ ಪೈಪ ಗುಂ ಅಂತ ಏರಲಾಕತ್ತು. ಹದಿಮೂರು ಮುಗಿಸಿ ಅಲ್ಲೇ ಮಣ್ಣಾಗ ಕುಂತೆ. ಆ ಮುದುಕಿ ಕೈ ಮುರದಾಕಿ ನಾನೇ ಅಂತ ತಿಳೀತು."

ವಿಷಯ ಬೇರೆ ಯಾರಿಗೂ ಗೊತ್ತಿರಲಿಲ್ಲ. ಗಲ್ಲಿಗೆ ನೀರು ಏರಿತ್ತು, ಜನ ಖುಷಿಯಾಗಿದ್ದರು. ಸುಮ್ಮನಿದ್ದಿದ್ದರೆ ಒಳ್ಳೆಯ ಹೆಸರೇ ಬರುತ್ತಿತ್ತು. ಉಮರ್ಗಾದಲ್ಲಿರುವ ಮಗಳು ಸಪ್ನಾ ಕೂಡ ಫೋನಿನಲ್ಲಿ ಅದನ್ನೇ ಹೇಳಿದಳು. ಶೇವಂತಾಬಾಯಿ ಮಾತ್ರ ಅದೇ ದಿನ ಪಂಡಿತನ ಬಾಗಿಲಿಗೆ ಹೋದರು. "ನೀರ ಕಮ್ಮಿ ಆಗಿದ್ದು ನನ್ನ ಕೈಲಿಂದೇ, ಅಣ್ಣಾ. ಏಳ ವಾರ ನಿಮ್ಮ ಹೆಸರ ತಗೊಂಡಿಲ್ಲ ನಾ," ಎಂದರು. ಪಂಡಿತನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗ್ರಾಮಸಭೆಗೆ ದೂರು ಹೋಯಿತು.

ಸಭೆಯಲ್ಲಿ ಚಾವಿ ಕಸಿಯಲೇಬೇಕೆಂದು ಪಂಡಿತ ಹಟ ಹಿಡಿದ. ಹರಸುವ ಹೆಸರಿನಲ್ಲಿ ನೀರು ನಿಲ್ಲಿಸುವವರು ಊರಿಗೆ ಬೇಡ ಎಂದ. ಶೇವಂತಾಬಾಯಿ ಒಂದೂ ಮಾತನ್ನು ಅಲ್ಲಗಳೆಯಲಿಲ್ಲ. ಸರಪಂಚ ವೀರಭದ್ರ ನಡುದಾರಿ ಹುಡುಕಿದರು. ಪ್ರತಿ ವಾಲ್ವಿನ ಪಕ್ಕದ ಕಲ್ಲಿನ ಮೇಲೆ ಸುತ್ತಿನ ಸಂಖ್ಯೆಯನ್ನು ಬಿಳಿ ಬಣ್ಣದಲ್ಲಿ ಬರೆಸಬೇಕು. ನಡುವಿನ ಮನೆಗಳವರು ಗುಂಡಿ ಮುಚ್ಚಬೇಕು. ಐದು ಪಾಳಿ ಪಂಡಿತನೇ ಸಮಯ ನೋಡಬೇಕು, ಹನ್ನೆರಡು ನಿಮಿಷಕ್ಕೆ ಒಮ್ಮೆ ತಪ್ಪಿದರೂ ಚಾವಿ ಬೇರೆಯವರಿಗೆ. ಶೇವಂತಾಬಾಯಿ ಕೇಳಿಕೊಂಡದ್ದು ಒಂದೇ: ಅಂಕಿ ಎಣಿಸುತ್ತೇನೆ, ಜೊತೆಗೆ ಹೆಸರೂ ಹೇಳುತ್ತೇನೆ, ಅದನ್ನು ಬಿಡಿಸಬೇಡಿ.

ಈಗ ಜೂನ್ ತಿಂಗಳ ಎರಡನೇ ವಾರ, ಐದನೆಯ ಪಾಳಿ. ಟಾಕಿಯಿಂದ ಇಳಿದ ಶೇವಂತಾಬಾಯಿ ಲೆಕ್ಕ ಹಾಕುತ್ತಾರೆ. ಎಂದಿನಂತೆ ಕೆಳಗಿನ ಗಲ್ಲಿಗಳಿಗೆ ಮೊದಲು ಬಿಟ್ಟರೆ ಟಾಕಿ ಇನ್ನೂ ಇಳಿಯುತ್ತದೆ, ಏರಿಗೆ ನೀರು ಹತ್ತುವುದೇ ಇಲ್ಲ. ಆದ್ದರಿಂದ ಇಂದು ಕ್ರಮ ತಿರುವುಮುರುವು. ಮೇಲಿನ ಗಲ್ಲಿ ಮೊದಲು, ಅವರದೇ ಗಲ್ಲಿ ಕಡೆಗೆ. ಕೊಡ ಸಾಲಿಟ್ಟು ಕಾದಿದ್ದ ನೆರೆಮನೆಯ ಮೀನಲ ದಾರಿಗಡ್ಡ ಬರುತ್ತಾಳೆ.

"ಏನ ಕಾಕೂ, ಬೈದವರಿಗಿ ಮೊದಲ, ಮಗ್ಗಲ ಮನ್ಯಾವರಿಗಿ ಕಡಿಗಿ? ಹಂಗಿದ್ರ ನಾನೂ ನಾಳಿಂದ ಬೈಲಾಕ ಚಾಲೂ ಮಾಡ್ಲೇನು?"

"ಬೈಯವ್ವಾ. ನಿನ್ನ ಹೆಸರ ಇನ್ನ ಜೋರಲೆ ಹೇಳ್ತೀನಿ," ಎನ್ನುತ್ತಲೇ ಅವರು ಏರು ಹತ್ತುತ್ತಾರೆ. ಹಿಂದೆ ಮೀನಲಳ ನಗು ಕೇಳಿಸುತ್ತದೆ.

ಮೇಲಿನ ಗಲ್ಲಿಯಲ್ಲಿ ಹದಿಮೂರು ಮನೆಯವರೂ ಅಂಗಳದಲ್ಲಿದ್ದಾರೆ. ತುದಿಯಲ್ಲಿ ಪಂಡಿತ, ಕೈಯಲ್ಲಿ ಮೊಬೈಲ್. ಶೇವಂತಾಬಾಯಿ ಮುಚ್ಚಳದ ಕಲ್ಲು ಸರಿಸಿ, ಗುಂಡಿಯೊಳಗೆ ಚಾವಿ ಇಳಿಸಿ, ಅಡ್ಡಹಿಡಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಐದು ಗಂಟೆ ಇಪ್ಪತ್ತೆರಡು ನಿಮಿಷ. ಪಂಡಿತ ಕೈ ಎತ್ತುತ್ತಾನೆ. ಚಾವಿ ತಿರುಗುತ್ತದೆ. ಒಂದು, ಎರಡು, ಮೂರು, ನಾಲ್ಕು, ಸದ್ದಿಲ್ಲ. ಐದಕ್ಕೆ ನೆಲದೊಳಗೆ ಏನೋ ಉಸಿರೆಳೆದಂತಾಗುತ್ತದೆ. ಎಂಟಕ್ಕೆ ಶಿವಗಂಗಾಬಾಯಿಯ ಹೆಸರು. ಹದಿಮೂರಕ್ಕೆ ಅವರ ತುಟಿ ನಿಲ್ಲುತ್ತದೆ, ಕೈಯೂ ನಿಲ್ಲುತ್ತದೆ.

ಇನ್ನು ಕಾಯುವುದೇ. ನಾಲ್ಕನೇ ನಿಮಿಷಕ್ಕೆ ಮೊದಲ ಮನೆಯ ನಳ ಹರಿಯುತ್ತದೆ. ಏಳಕ್ಕೆ ನಡುವಿನ ಮನೆಗಳು. ಯಾರೂ ಹೇಳದೆಯೇ ಆ ಮನೆಗಳವರು ತಮ್ಮ ನಳಗಳನ್ನು ತಿರುಗಿಸಿ ಬಂದ್ ಮಾಡುತ್ತಾರೆ. ತುದಿಗೆ ಹೋಗಲಿ ಎಂದು. ಒಂಬತ್ತು ನಿಮಿಷ. ಪಂಡಿತನ ನಳ ಒಣಗಿಯೇ ಇದೆ. ಹತ್ತು. ನಳದ ಬಾಯಿಂದ ಸುಯ್ ಎಂದು ಗಾಳಿ. ಮೂಳೆ ಇನ್ನೂ ಸರಿಯಾಗಿ ಕೂಡದ ಬಲಗೈಯನ್ನು ಶಿವಗಂಗಾಬಾಯಿ ನಳದ ಕೆಳಗೆ ಒಡ್ಡಿ ಕೂತಿದ್ದಾರೆ. ಹನ್ನೊಂದು. ನಳ ಎರಡು ಸಲ ಕೆಮ್ಮುತ್ತದೆ, ಕೆಂಪು ಹನಿ ಉಗುಳುತ್ತದೆ. ಆಮೇಲೆ ಹೆಬ್ಬೆರಳು ಗಾತ್ರದ ಧಾರೆ ಮುದುಕಿಯ ಅಂಗೈ ಮೇಲೆ ಬೀಳುತ್ತದೆ.

"ಆಯಿತು ನೋಡೋ," ಎನ್ನುತ್ತಾರೆ ಮುದುಕಿ ಮಗನಿಗೆ.

ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು. ಪಂಡಿತ ಮೊಬೈಲನ್ನು ತಿರುಗಿಸಿ ಎಲ್ಲರಿಗೂ ತೋರಿಸುತ್ತಾನೆ. ಗಲ್ಲಿಯಲ್ಲಿ ಗೌಜು ಏಳುತ್ತದೆ, ನಿಲ್ಲಿಸಿದ ನಳಗಳೆಲ್ಲ ಒಮ್ಮೆಲೇ ತೆರೆದುಕೊಳ್ಳುತ್ತವೆ. ಅವನು ಅಲ್ಲಿಯೇ ಸರಪಂಚರಿಗೆ ಫೋನ್ ಹಚ್ಚಿ, ಚಾವಿ ಇದ್ದವರ ಹತ್ತಿರವೇ ಇರಲಿ ಎಂದು ಹೇಳುತ್ತಾನೆ. ಏರಿನಿಂದ ಇಳಿದು ವಾಲ್ವಿನ ಹತ್ತಿರ ಬರುತ್ತಾನೆ.

"ರವಿಕಾಂತನ ಮ್ಯಾಲ ನಾ ಅಂದದ್ದು ಖರೇ ಅಲ್ಲ, ಬಾಯಿ. ಸಿಟ್ಟಿನಾಗ ಅಂದೆ."

ಶೇವಂತಾಬಾಯಿ ತಲೆಯಾಡಿಸುತ್ತಾರೆ. ಕಣ್ಣು ಒರೆಸಿಕೊಂಡು ಚಾವಿ ಮೇಲೆತ್ತುತ್ತಾರೆ. ಇನ್ನೂ ಎಂಟು ವಾಲ್ವುಗಳು ಕಾದಿವೆ, ಮೀನಲಳ ಕೊಡಗಳು ಕಾದಿವೆ. ಪಂಡಿತ ಹಿಂದಿನಿಂದ ಕೂಗಿ ಕೇಳುತ್ತಾನೆ: "ನನ್ನ ಹೆಸರ ಎಷ್ಟನೇ ಸುತ್ತಿಗಿ ಬರ್ತದ? ಸುಮ್ಮ ತಿರಗೂ ಆ ಮೊದಲಿನ ನಾಕರಾಗ ಇಟ್ಟೀ ಏನು?"

ಗಲ್ಲಿ ನಗುತ್ತದೆ. ಶೇವಂತಾಬಾಯಿ ಚಾವಿಯನ್ನು ಹೆಗಲಿಗೇರಿಸಿಕೊಂಡು ತಿರುಗಿ ನೋಡುತ್ತಾರೆ.

"ಇಲ್ಲ ಅಣ್ಣಾ. ನಿಮ್ದು ಕಡೀದು. ಅದ ತಿರಗಿದ್ರೇ ಪೂರಾ ತೆರೀತದ."