ಫ್ರಾನ್ಸಿನ ಪೀಪಾಯಿ, ಮಠದ ಸೌಟು

ಬಸವನ ಬಾಗೇವಾಡಿ ಕಡೆಯ ನಮ್ಮ ಮನೆಯಲ್ಲಿ ದ್ರಾಕ್ಷಿಗೆ ಒಂದೇ ಗತಿ: ಶೆಡ್ಡಿನ ಬಲೆಯ ಮೇಲೆ ಒಣಗಿ ಮಣೂಕ ಆಗುವುದು. ಹೀಗಿರುವಾಗ ಬೆಳೆಗಾರರ ತಂಡದ ಜೊತೆ ನಾವು ಗಂಡ ಹೆಂಡತಿ ಫ್ರಾನ್ಸಿಗೆ, ಅದೂ ವೈನ್ ಮಾಡುವ ಹಳೆಯ ತೋಟ ನೋಡಲು ಹೊರಟೆವು. ಅತ್ತೆ ರೊಟ್ಟಿ ಕಟ್ಟಿಕೊಡುತ್ತ ಮಗನಿಗೆ ಹೇಳಿದರು, “ನೋಡಿ ಬಾ, ಬ್ಯಾಡ ಅನ್ನೂದಿಲ್ಲ. ಒಂದ್ ಹನಿ ಗಂಟಲಾಗ ಇಳೀತಂದ್ರ ಮಠದ ಸೌಟು ಬಿಡಬೇಕ ನೋಡು.”

ಸೋಮವಾರ ಮಠದಲ್ಲಿ ಹುಗ್ಗಿ ಬಡಿಸುವ ಸೌಟು ಅದು. ಮಾವನವರ ಕೈಯಿಂದ ಇವರ ಕೈಗೆ ಬಂದದ್ದು. ಊರಲ್ಲಿ ಇವರಿಗಿದ್ದ ಅಧಿಕಾರ ಅದೊಂದೇ. ಎದುರುಮನೆಯ ಕಾಕಾನ ಕಣ್ಣೂ ಅದರ ಮೇಲೆಯೇ.

ಫ್ರಾನ್ಸಿನ ಆ ತೋಟದ ಯಜಮಾನ ಮುದುಕ. ಮಾತಿಗೆ ಮೊದಲು ಒಂದು ಹಿಡಿ ಮಣ್ಣು ಮೂಸಲು ಕೊಟ್ಟ. ಮೂಸಿದೆವು. ಮಣ್ಣಿನ ವಾಸನೆಯೇ ಬಂತು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದೆವು. ಆಮೇಲೆ ನೆಲಮಾಳಿಗೆ. ಓಕ್ ಮರದ ಪೀಪಾಯಿಗಳು ಬಾಣಂತಿಯರ ಹಾಗೆ ಕತ್ತಲಲ್ಲಿ ಮಲಗಿದ್ದವು: ಗಾಳಿ ಬಡಿಯಬಾರದು, ಸದ್ದಾಗಬಾರದು. ಗೋಡೆಯ ತುಂಬ ಕಪ್ಪು ಬೂಷ್ಟು. ಅದು ಮುತ್ತಜ್ಜನ ಕಾಲದ್ದು, ಒರೆಸುವುದಿಲ್ಲ ಎಂದು ದುಭಾಷಿ ಹೆಂಗಸು ಹಿಂದಿಯಲ್ಲಿ ಹೇಳಿದಳು. ನಮ್ಮ ಅಡುಗೆಮನೆಯ ಗೋಡೆಗೆ ಅಂಥದ್ದು ಬಂದರೆ ಸುಣ್ಣ ಹಚ್ಚುವ ತನಕ ಅತ್ತೆ ನನ್ನನ್ನು ಊಟಕ್ಕೆ ಕೂರಗೊಡುವುದಿಲ್ಲ. ಅಲ್ಲಿ ಅದಕ್ಕೆ ಪರಂಪರೆ ಎಂದು ಹೆಸರು, ನೋಡಲು ಟಿಕೆಟ್ಟು ಬೇರೆ.

ರುಚಿ ನೋಡುವ ಪದ್ಧತಿ ಕೇಳಿ ನಮ್ಮ ಮನೆಯವರ ಮುಖ ಅರಳಿತು. ಲೋಟ ತಿರುಗಿಸಬೇಕು, ಮೂಸಬೇಕು, ಬಾಯಲ್ಲಿ ಮುಕ್ಕಳಿಸಿ ಬಕೆಟ್ಟಿಗೆ ಉಗುಳಬೇಕು.

“ಉಗುಳೂದಾ? ಇದನ್ನ ನಮಗ ಕಲಿಸಬೇಕೇನು!” ಎಂದರು.

ಜನ್ಮವಿಡೀ ಎಲೆ-ಅಡಿಕೆ ಹಾಕಿದ ಬಾಯಿಗಳು. ಇಂಡಿ, ಸಿಂದಗಿಯ ಬೆಳೆಗಾರರು ಮಾರು ದೂರದಿಂದ, ಒಂದು ಹನಿ ಹೊರಗೆ ಬೀಳದಂತೆ ಗುರಿಯಿಟ್ಟರು. ಯಜಮಾನ ಬೆರಗಾಗಿ ಚಪ್ಪಾಳೆ ತಟ್ಟಿದ. ನಾನು ಲೋಟವನ್ನು ತುಟಿಗೂ ತಾಗಿಸದೆ ಹಿಡಿದು ನಿಂತಿದ್ದೆ.

ಕೊನೆಗೆ ಅವನು ಧೂಳು ಹಿಡಿದ ಬಾಟಲಿಯೊಂದನ್ನು ತಂದ. ಅವನು ಹುಟ್ಟಿದ ವರ್ಷ ಅವನ ಅಪ್ಪ ಮುಚ್ಚಿಟ್ಟದ್ದಂತೆ. ಎಲ್ಲರಿಗೂ ಸುರಿದ, ತಾನೂ ಕುಡಿದ, ಉಗುಳಲಿಲ್ಲ. ಕಣ್ಣು ಒರೆಸಿಕೊಂಡು ನಮ್ಮ ಮನೆಯವರ ಮುಖವನ್ನೇ ನೋಡಿದ. ಇವರ ಬಾಯಿ ತುಂಬಿತ್ತು. ಬಕೆಟ್ಟು ನೋಡಿದರು, ಮುದುಕನನ್ನು ನೋಡಿದರು, ನನ್ನನ್ನು ನೋಡಿದರು. ಗಂಟಲು ಗುಟುಕ್ಕೆಂದಿತು.

“ಇಳೀತೇನು?” ಊರಿಗೆ ಬಂದಾಗ ಚಹಾಕ್ಕೂ ಮೊದಲು ಅತ್ತೆ ಕೇಳಿದ್ದು ಅದನ್ನೇ. ಕಾಕಾ ಕಟ್ಟೆಯ ಮೇಲೆ ಕಿವಿ ನಿಮಿರಿಸಿ ಕೂತಿದ್ದ.

“ಒಂದ ಗುಟುಕ ಯವ್ವಾ. ನಮ್ಮಪ್ಪ ಇಟ್ಟದ್ದು ಅಂತ ಆ ಮುದುಕ ಅಳಕೋತ ಕೊಟ್ಟ. ಹೆಂಗ ಉಗುಳ್ಲಿ?”

“ಉಗುಳಿದ್ರ ನನ್ನ ಮಗ ಅಂತಿರಲಿಲ್ಲ.” ಇವರು ಉಸಿರು ಬಿಟ್ಟರು. ಅತ್ತೆ ಇನ್ನೂ ಮುಗಿಸಿರಲಿಲ್ಲ. “ಆದ್ರ ಆಡಿದ ಮಾತು ಆಡಿದ್ದ. ಸೌಟು ತಾ.”

ಇವರು ಒಳಗಿಂದ ಸೌಟು ತಂದುಕೊಟ್ಟರು. ಕಾಕಾ ಕೈ ಒರೆಸಿಕೊಳ್ಳುತ್ತ ಎದ್ದ.

“ನೀ ಕೂಡಪಾ. ಸೊಲ್ಲಾಪುರಕ್ಕ ಹೋದಾಗ ನೀ ಏನ್ ಇಳಸ್ತಿ ಅಂತ ಊರಿಗೇ ಗೊತ್ತೈತಿ,” ಎಂದು ಅತ್ತೆ ಸೌಟನ್ನು ನನ್ನ ಕೈಗಿಟ್ಟರು.

ಈಗ ಸೋಮವಾರದ ಹುಗ್ಗಿ ನಾನು ಬಡಿಸುತ್ತೇನೆ. ನಮ್ಮ ಮನೆಯವರು ತುಪ್ಪದ ತಂಬಿಗೆ ಹಿಡಿದು ಹಿಂದೆ ಬರುತ್ತಾರೆ. ತುಪ್ಪ ಬಡಿಸುವ ಮೊದಲು ಒಂದು ತುತ್ತು ಹುಗ್ಗಿ ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸಿ, ಕಣ್ಣು ಮುಚ್ಚಿ, “ಬೆಲ್ಲ ಹೊಸಾದು, ಗೋದಿ ಹೋದ ವರ್ಷದ್ದು” ಎನ್ನುತ್ತಾರೆ.

“ಬಾಯಾಗಿಂದು ನುಂಗ್ರಿ,” ಎನ್ನುತ್ತಾರೆ ಪಂಕ್ತಿಯಲ್ಲಿ ಕೂತ ಹೆಂಗಸರು, “ತುಪ್ಪ ಹಾಕ್ರಿ.”