ಕೇಳಲು ಬಾರದ ತೆಬಾನೊ

ನಮ್ಮ ಬೆರು ದ್ವೀಪದಲ್ಲಿ ಯಾರಾದರೂ ಹೊಸ ಅಂಗಿ ಕೊಂಡರೆ ಮೊದಲು ಮಾಡುವ ಕೆಲಸ ಅದನ್ನು ಪೆಟ್ಟಿಗೆಯ ತಳಕ್ಕೆ ತುರುಕುವುದು. ಹೊಗೆಸೊಪ್ಪು ಸೂರಿನ ಗರಿಯೊಳಗೆ ಹೋಗುತ್ತದೆ, ಒಳ್ಳೆಯ ಬಲೆ ಚಾಪೆಯ ಅಡಿಗೆ. ಕಳ್ಳರ ಭಯಕ್ಕಲ್ಲ, ನೆಂಟರ ಭಯಕ್ಕೆ. ನೆಂಟನೊಬ್ಬ ಎದುರಿಗೆ ಕೂತು "ಬುಬುಸಿ" ಎಂದು ಬಾಯಿಬಿಟ್ಟು ಕೇಳಿದನೆಂದರೆ ಮುಗಿಯಿತು, ಕೊಡಲೇಬೇಕು. ಇಲ್ಲವೆಂದವನು ಮತ್ತೆ ಮಾನೆಯಬದಲ್ಲಿ, ಊರೆಲ್ಲ ಸೇರುವ ಆ ದೊಡ್ಡ ಸೂರಿನಡಿ, ತಲೆಯೆತ್ತಿ ಕೂರುವಂತಿಲ್ಲ. ಇಷ್ಟು ಸಣ್ಣ ನೆಲದಲ್ಲಿ ನೆಂಟನಲ್ಲದವನು ಯಾರು ಸಿಗುತ್ತಾನೆ ಹೇಳಿ.

ನನ್ನಪ್ಪ ತೆಬಾನೊ ಏನನ್ನೂ ಬಚ್ಚಿಡುತ್ತಿರಲಿಲ್ಲ. ಹೆತ್ತ ಅಪ್ಪನಲ್ಲ, ಸಾಕಿದವನು. ನನ್ನ ತಾಯಿಯ ಅಣ್ಣ. ನನ್ನನ್ನು ನನ್ನ ತಾಯಿಯಿಂದ ಕೇಳಿ ತಂದದ್ದು ಕೂಡ ಅವನ ಹೆಂಡತಿಯೇ, ಅವನಲ್ಲ. ಅವನಿಗೆ ಕೇಳುವುದು ಬರುತ್ತಿರಲಿಲ್ಲ, ಕೊಡುವುದೊಂದೇ ಗೊತ್ತು. ನಮ್ಮ ಸೈಕಲ್ಲು ಊರೆಲ್ಲ ಸುತ್ತಿ ವರ್ಷಕ್ಕೊಮ್ಮೆ ನಮ್ಮ ಮನೆಗೂ ಬರುತ್ತಿತ್ತು. ರೇಡಿಯೊ ಹೋಯಿತು, ದೋಣಿ ಹೋಯಿತು, ಒಮ್ಮೆ ಚರ್ಚಿನಿಂದ ಬರುವ ದಾರಿಯಲ್ಲಿ ಮೈಮೇಲಿನ ಅಂಗಿಯೂ ಹೋಯಿತು. ಬರಿಮೈಯಲ್ಲಿ ನಗುತ್ತಾ ಬಂದ. ಸಾಕಿದ ಅಮ್ಮ ಬದುಕಿದ್ದಷ್ಟು ದಿನ ಬೈದಳು, ಆಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

ಅವನಿಗೆ ಹೆಮ್ಮೆ ಅಂತ ಇದ್ದದ್ದು ಒಂದೇ, ಅವನ ಬಬಾಯ್ ಗುಂಡಿ. ಬಬಾಯ್ ಅಂದರೆ ನಮ್ಮ ಕಡೆಯ ರಾಕ್ಷಸ ಕೆಸು. ಹವಳದ ನೆಲವನ್ನು ಸಿಹಿನೀರು ಸಿಗುವವರೆಗೆ ಅಗೆದು, ಗಿಡದ ಬುಡಕ್ಕೆ ಓಲೆಯ ಬುಟ್ಟಿ ಕಟ್ಟಿ, ಅದರೊಳಗೆ ಸೊಪ್ಪು ಮಣ್ಣು ತುಂಬುತ್ತಾ ಹೋಗಬೇಕು. ಯಾವ ಸೊಪ್ಪು, ಎಷ್ಟು ಒಣಗಿದ್ದು, ಯಾವ ದಿನಕ್ಕೆ ಎಂಬುದು ಒಂದೊಂದು ಮನೆಯ ಗುಟ್ಟು. ಅಪ್ಪ ಬೆಳಕು ಹರಿಯುವ ಮೊದಲೇ ಒಬ್ಬನೇ ಹೋಗಿ ಉಣಿಸಿ ಬರುತ್ತಿದ್ದ. ನಾನು ಆ ಮನೆಗೆ ಕಾಲಿಟ್ಟ ದಿನ ಒಂದು ಸಸಿ ನೆಟ್ಟಿದ್ದ. ನನಗೆ ಆಗ ಆರು ವರ್ಷ. ಇಪ್ಪತ್ತಾಗುವ ಹೊತ್ತಿಗೆ ಅದರ ಎಲೆಯಡಿ ನಾನು ನಿಂತರೆ ತಲೆ ತಾಗುತ್ತಿರಲಿಲ್ಲ.

"ನಿನ್ನ ಮದುವೆ ದಿನ ಬೀಗರ ಮುಂದೆ ಇದನ್ನ ಇಡ್ತೀನಿ," ಎನ್ನುತ್ತಿದ್ದ. "ಹೊರೋಕೆ ಇಬ್ಬರು ಬೇಕು. ನೋಡ್ತಿರು, ಅವರ ಬಾಯಿ ಕಟ್ಟಿಹೋಗತ್ತೆ."

ಬಾಯಿ ಕಟ್ಟಬೇಕಾದ ಬೀಗರೇ ಸಿಕ್ಕಿದ್ದರು. ನನ್ನನ್ನು ಮದುವೆಯಾಗುವ ಯೊತೆಬಾ ಒನೊತೊವಾ ದ್ವೀಪದವನು, ಮಾತು ಕಡಿಮೆ. ಆದರೆ ಅವನ ಅಪ್ಪ ಬೌರೊ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುವವನು. ಅವರ ಮೀನೇ ದೊಡ್ಡದು, ಅವರ ತೆಂಗೇ ಎತ್ತರ. ಮದುವೆಯ ಮೂರನೇ ದಿನ ನಾನು ಅವರ ಜೊತೆ ಹಡಗು ಹತ್ತಬೇಕಿತ್ತು. ಅದರ ಮಾತನ್ನು ಅಪ್ಪ ಒಮ್ಮೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ತಲೆಯಲ್ಲಿ ಆ ಗಡ್ಡೆಯೊಂದೇ ತುಂಬಿಕೊಂಡಿತ್ತು.

ತಪ್ಪು ಮಾಡಿದ್ದೂ ನಾನೇ. ಮದುವೆಗೆ ತಿಂಗಳಿರುವಾಗ, ದಡದಲ್ಲಿ ಚಿಪ್ಪು ಆರಿಸುತ್ತಾ, ಹತ್ತು ಹೆಂಗಸರ ಮುಂದೆ "ಹದಿನಾಲ್ಕು ವರ್ಷದ್ದು, ನನ್ನ ಸೊಂಟದಷ್ಟು ದಪ್ಪ" ಎಂದು ಜಂಬ ಕೊಚ್ಚಿದೆ. ಇರುವುದನ್ನು ಬಾಯಿಬಿಟ್ಟು ಹೊಗಳಿಕೊಳ್ಳುವುದೂ ಒಂದೇ, ಬಂದು ಕೇಳಿ ಎಂದು ಕರೆಯುವುದೂ ಒಂದೇ. ಹಾಲು ಕುಡಿಯುವ ಕೂಸಿಗೂ ಇದು ಗೊತ್ತು ನಮ್ಮಲ್ಲಿ. ಆ ಹೆಂಗಸರಲ್ಲಿ ಅಪ್ಪನ ಚಿಕ್ಕಪ್ಪನ ಮಗ ಕೈತುವಿನ ಹೆಂಡತಿಯೂ ಇದ್ದಳು.

ವಾರಕ್ಕೆ ಕೈತುವಿನ ಅಪ್ಪ ತೀರಿಕೊಂಡರು. ಅಂದು ಸಂಜೆಯೇ ಕೈತು ಬಂದು, ಕೊಟ್ಟ ನೀರಾ ಮುಟ್ಟದೆ ಕೂತ.

"ಅಣ್ಣಾ, ಬುಬುಸಿ," ಎಂದ. "ಹೋದ ಹುಣ್ಣಿಮೆ ಉಬ್ಬರದಲ್ಲಿ ನನ್ನ ಗುಂಡಿಗೆ ಸಮುದ್ರ ನುಗ್ತು. ಎಲ್ಲ ಕೊಳೆತುಹೋಯ್ತು. ಅಪ್ಪನ ಮಣ್ಣಿಗೆ ಬಂದೋರ ಮುಂದೆ ಇಡೋಕೆ ಏನೂ ಇಲ್ಲ. ನಿನ್ನ ದೊಡ್ಡದನ್ನ ಕೊಡು."

ಅಪ್ಪ ತನ್ನ ಅಂಗೈ ನೋಡಿಕೊಂಡ.

"ಒಬ್ಬನ ಕೈಲಿ ಹೊರೋಕಾಗಲ್ಲ," ಎಂದ. "ನಿನ್ನ ತಮ್ಮನ್ನೂ ಕರ್ಕೊಂಡು ಬಾ."

ಮರುದಿನ ಅಪ್ಪನೇ ಗುಂಡಿಗಿಳಿದು, ಸೊಂಟದವರೆಗೆ ಕೆಸರಲ್ಲಿ ನಿಂತು, ಬುಡಕ್ಕೆ ಗಾಯವಾಗದ ಹಾಗೆ ಅದನ್ನು ಎಬ್ಬಿಸಿದ. ತಾನೇ ತೊಳೆದ. ಅವರು ಕೋಲಿಗೆ ಕಟ್ಟಿ ಹೊತ್ತುಕೊಂಡು ಹೋದದ್ದನ್ನು ನಾನು ನೋಡಲಿಲ್ಲ, ಒಳಗೆ ಬಿದ್ದು ಅಳುತ್ತಿದ್ದೆ.

"ಅದು ನಂದಾಗಿತ್ತು!" ಎಂದು ಚೀರಿದೆ ಅವನು ಬಂದ ಕೂಡಲೇ.

"ನಿಂದೇ ಕಣೇ," ಎಂದ. "ಅದಕ್ಕೇ ಕೊಡೋವಾಗ ಕಷ್ಟ ಆಯ್ತು. ಬೇರೆ ಯಾವತ್ತೂ ಹಾಗಾಗಿರಲಿಲ್ಲ."

"ಹಾಗಾದ್ರೆ ಈಗ ನೀನು ಹೋಗಿ ಯಾರನ್ನಾದ್ರೂ ಕೇಳು. ಚರ್ಚಿನ ಉಪದೇಶಿಗಳ ಗುಂಡಿಲಿ ಹತ್ತು ವರ್ಷದ್ದಿದೆ. ಜೀವಮಾನ ಎಲ್ಲ ಕೊಟ್ಟಿದ್ದೀಯಲ್ಲ, ಒಂದು ಸಲ ಕೇಳೋಕೆ ಏನು ದಾಡಿ?"

"ನೋಡೋಣ," ಎಂದ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ತಮಾಷೆಯೆಂದರೆ ಊರಿಗೆ ಊರೇ ಅವನು ಕೇಳಲಿ ಎಂದು ಕಾಯುತ್ತಿತ್ತು. ತೆಬಾನೊನ ಕೈಯಿಂದ ಏನನ್ನೂ ಪಡೆಯದ ಮನೆಯಿರಲಿಲ್ಲ, ಋಣ ತೀರಿಸಲು ಅವನು ಯಾರಿಗೂ ದಾರಿಯನ್ನೇ ಬಿಟ್ಟಿರಲಿಲ್ಲ. ಕೇಳದವನ ಮನೆಗೆ ಹೊತ್ತು ತಂದು ಸುರಿದರೆ ಅದು ಅವಮಾನ. ಉಪದೇಶಿಗಳ ಹೆಂಡತಿ ಬಾವಿಯ ಹತ್ತಿರ ನನ್ನ ಕೈ ಹಿಡಿದು, "ನಿಮ್ಮಪ್ಪ ನಮ್ಮ ಕಡೆ ಬರಲ್ವೇನೇ? ನಮ್ಮನೆಯವರು ಮೂರು ದಿನದಿಂದ ಬಾಗಿಲು ಬಿಟ್ಟು ಅಲ್ಲಾಡಿಲ್ಲ" ಎಂದಳು. ಅದನ್ನು ಹೇಳಿ ಅಪ್ಪನನ್ನು ದಬ್ಬಿ ಕಳಿಸಿದೆ. ಅರ್ಧ ಗಂಟೆಗೆ ಹಿಂದಿರುಗಿದ, ಕೈಯಲ್ಲಿದ್ದ ಮಚ್ಚೂ ಇಲ್ಲ.

"ದಾರಿಲಿ ಕೈತು ತಮ್ಮ ಸಿಕ್ದ," ಎಂದ ಪೆಚ್ಚಾಗಿ. "ಮಚ್ಚು ಕೇಳ್ದ. ಆಮೇಲೆ ನಂಗೆ ಮುಂದಕ್ಕೆ ಹೋಗೋಕೆ ಮನಸ್ಸಾಗಲಿಲ್ಲ."

ಮದುವೆಯ ದಿನ ಬಂತು. ಚರ್ಚು ಮುಗಿಸಿ, ತಲೆಗೆ ಹೂವಿನ ಸುತ್ತು ಇಟ್ಟುಕೊಂಡು, ಎಲ್ಲರೂ ಮಾನೆಯಬದ ತಗ್ಗು ಸೂರಿಗೆ ತಲೆಬಾಗಿ ಒಳಗೆ ಬಂದು ತಂತಮ್ಮ ಮನೆತನದ ಜಾಗದಲ್ಲಿ ಕೂತರು. ಮೀನು, ಹಂದಿ, ದೀವಿಹಲಸು ಎಲ್ಲ ಇತ್ತು. ಬೀಗರ ಮುಂದೆ ಅಪ್ಪ ಇಟ್ಟದ್ದು ಮಾತ್ರ ಎರಡು ವರ್ಷದ ನಾಲ್ಕು ಗಡ್ಡೆ, ನನ್ನ ತೋಳಿಗಿಂತ ತೆಳ್ಳಗಿನವು.

ಬೌರೊ ಒಂದನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿದ. "ಬೆರುವಿನಲ್ಲಿ ಇದಕ್ಕೂ ಬಬಾಯ್ ಅಂತಾರೇನ್ರಪ್ಪಾ? ಒನೊತೊವಾದಲ್ಲಿ ಇಂಥದ್ದನ್ನ ಹಂದಿ ಮುಂದೆ ಇಟ್ರೆ ಹಂದಿ ಬೇಜಾರು ಮಾಡ್ಕೊಳ್ಳುತ್ತೆ!"

ಅವನ ಕಡೆಯವರು ಹೊಟ್ಟೆ ಹಿಡಿದು ನಕ್ಕರು. ನಮ್ಮವರು ಒಬ್ಬರೂ ನಗಲಿಲ್ಲ. ಕೈತು ಎದ್ದು, ದೊಡ್ಡ ಗಡ್ಡೆ ಎಲ್ಲಿಗೆ ಹೋಯಿತೆಂದು ಹೇಳಲು ಹೊರಟ. ಅಪ್ಪ ಕಣ್ಣಲ್ಲೇ ಅವನನ್ನು ಕೂರಿಸಿದ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು ನನಗೆ.

ಆಗ ಅಪ್ಪ ಎದ್ದ. ನಮ್ಮ ಜಾಗ ಬಿಟ್ಟು ನಡುವಿಗೆ ಬಂದು, ಬೌರೊನ ಎದುರಿಗೆ ಕಾಲು ಮಡಚಿ ಕೂತ.

"ಬೌರೊ," ಎಂದ. ಮತ್ತೆ ಹೇಳಿದ. "ಬೌರೊ, ಬುಬುಸಿ."

ಮಾನೆಯಬದ ತುಂಬ ಉಸಿರೆಳೆದುಕೊಂಡ ಸದ್ದು. ತೆಬಾನೊನ ಬಾಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ. ಬೌರೊ ಉಬ್ಬಿಹೋದ. "ಗಡ್ಡೆ ತಾನೇ? ಅಷ್ಟಕ್ಕೆ ಇಷ್ಟು ಸಂಕೋಚವಾ? ಮುಂದಿನ ಹಡಗಿಗೆ ಹತ್ತು ಕಳಿಸ್ತೀನಿ!"

"ಗಡ್ಡೆ ಬೇಡ," ಎಂದ ಅಪ್ಪ. "ನಿನ್ನ ಮಗ ಬೇಕು. ಯೊತೆಬಾನ್ನ ಇಲ್ಲೇ ಬಿಟ್ಟು ಹೋಗು. ನಮ್ಮಪ್ಪ ನಂಗೆ ಹೇಳಿದ ಗುಂಡಿ ಗುಟ್ಟು ಪೂರ್ತಿ ಅವನಿಗೆ ಹೇಳ್ಕೊಡ್ತೀನಿ. ಈ ಹುಡುಗಿ ಹಡಗು ಹತ್ತೋದನ್ನ ನೋಡೋ ಶಕ್ತಿ ನಂಗಿಲ್ಲ."

ಬೌರೊನ ಬಾಯಿ ತೆರೆದಿತ್ತು, ಮಾತು ಹೊರಡಲಿಲ್ಲ. ಹೆಂಡತಿಯ ಕಡೆ ನೋಡಿದ. ಅವಳು ಕುಪ್ಪಸದ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಾ, "ಏನು ನೋಡ್ತೀರಿ? ಕೇಳಿದ್ದಾರಲ್ಲ," ಎಂದಳು. ಯೊತೆಬಾ ತಲೆ ತಗ್ಗಿಸಿ ನಗು ನುಂಗುತ್ತಿದ್ದ. ಆ ನಗು ಕಂಡಾಗಲೇ ನನಗೆ ಅವನ ಮೇಲೆ ನಿಜವಾಗಿ ಪ್ರೀತಿ ಹುಟ್ಟಿದ್ದು.

"ಕೊಟ್ಟೆ," ಎಂದ ಬೌರೊ, ಬಹಳ ಸಣ್ಣ ದನಿಯಲ್ಲಿ.

ಊರೆಲ್ಲ ಕೂಗಿ, ಚಪ್ಪಾಳೆ ತಟ್ಟಿ, ಹಾಡು ಶುರುಮಾಡಿತು. ಅಪ್ಪ ಮಾತ್ರ ಕದಲಲಿಲ್ಲ. ಕೊಟ್ಟು ಎದ್ದು ಬರುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಿಕ್ಕಿದ ಮೇಲೆ ಏನು ಮಾಡಬೇಕೆಂದು ಅರವತ್ತು ವರ್ಷದಲ್ಲಿ ಕಲಿತಿರಲಿಲ್ಲ. ಕುಣಿಯುವವರ ಕಾಲುಗಳ ನಡುವೆ, ಎರಡೂ ಅಂಗೈ ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಹಾಗೇ ಕೂತಿದ್ದ. ಕೊನೆಗೆ ನಾನೇ ಹೋಗಿ, "ಏಳಪ್ಪಾ, ಕೊಟ್ಟರಂತೆ" ಎಂದು ಕೈಹಿಡಿದು ಎಬ್ಬಿಸಬೇಕಾಯಿತು.